ಚಿನ್ನದ ಅಕ್ಷರದ ಬೋರ್ಡು ಮತ್ತು ಮೈಕಲ್ ವೈಟ್

ಏಪ್ರಿಲ್ ಕೊನೆ ಬಂತೆಂದರೆ ನನ್ನ ನಿದ್ದೆ ಕೆಡುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ವಿಶ್ವ ಸ್ನೂಕರ್ ಚಾಂಪಿಯನ್‌ಶಿಪ್ ನಡೆಯುತ್ತಿರುತ್ತದೆ. ಅಲ್ಲಿ ಸಂಜೆ ಏಳು ಅಂದರೆ ಇಲ್ಲಿ ಮುಂಬೈಯ ಘಾಟ್‌ಕೋಪರಿನಲ್ಲಿ ರಾತ್ರಿ ಹನ್ನೊಂದೂವರೆ. ಮನೆಯವರೆಲ್ಲ ಮಲಗಿದ ಮೇಲೆ ಸೌಂಡ್ ಕಮ್ಮಿ ಮಾಡಿ ಕೂರುತ್ತೇನೆ. ಸ್ನೂಕರಿಗೆ ಸೌಂಡ್ ಜಾಸ್ತಿ ಬೇಕಾಗಿಯೂ ಇಲ್ಲ ಬಿಡಿ. ಆಟಗಾರ ಕುರ್ಚಿಯಲ್ಲಿ ಕೂತಿದ್ದಾಗ ಅವನು ಈವರೆಗೆ ಗೆದ್ದ ಪ್ರಶಸ್ತಿಗಳ ಪಟ್ಟಿ ಒಮ್ಮೊಮ್ಮೆ ಪರದೆ ಮೇಲೆ ಬರುತ್ತದೆ. ಅದರಲ್ಲಿ ಎಲ್ಲಾದರೂ 'ಇಂಡಿಯನ್ ಓಪನ್' ಅಂತ ಕಂಡರೆ ನನಗೆ ಒಂಥರಾ ಆಗುತ್ತದೆ. ನಮ್ಮೂರಿನಲ್ಲಿ ಆದದ್ದೇ ಅಲ್ವಾ ಇದು! ಆದರೆ ನಮ್ಮೂರಿನಲ್ಲಿ ಯಾರಿಗೆ ಗೊತ್ತು?

ಒಮ್ಮೆ ಆಫೀಸಿನಲ್ಲಿ ಊಟದ ಹೊತ್ತಿಗೆ ಈ ಮಾತು ತೆಗೆದೆ. ನಮ್ಮ ಆಫೀಸು ಕಲೀನಾದಲ್ಲಿ. 2015ರ ಮಾರ್ಚಿನಲ್ಲಿ ಗ್ರ್ಯಾಂಡ್ ಹಯಾತ್ ಹೋಟೆಲಿನಲ್ಲಿ ದೊಡ್ಡ ಸ್ನೂಕರ್ ಟೂರ್ನಿ ನಡೆದಿತ್ತು, ರ್‍ಯಾಂಕಿಂಗ್ ಟೂರ್ನಿ (ವಿಶ್ವ ಶ್ರೇಯಾಂಕಕ್ಕೆ ಲೆಕ್ಕ ಸೇರುವಂಥದ್ದು), ಗೆದ್ದವನಿಗೆ 50,000 ಪೌಂಡ್ ಬಹುಮಾನ ಎಂದೆ. ಎದುರಿಗಿದ್ದವನು ಚಪಾತಿ ಮುರಿಯುತ್ತಿದ್ದವನು ನಿಲ್ಲಿಸಿದ. 'ನಮ್ಮ ಹಯಾತಾ? ಅಲ್ಲಿ ನನ್ನ ಕಸಿನ್‌ದು ರಿಸೆಪ್ಷನ್ ಇತ್ತಲ್ಲ' ಅಂದ. ರಿಸೆಪ್ಷನ್ನಿನ ಪನ್ನೀರ್ ಟಿಕ್ಕಾ ಹೇಗಿತ್ತು ಎಂದು ಅವನಿಗೆ ನೆನಪಿತ್ತು. ಟೂರ್ನಿ ನಡೆದದ್ದು ಆ ಟೇಬಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರ ತಪ್ಪೇನೂ ಅಲ್ಲ. ಇಷ್ಟು ದೊಡ್ಡ ಟೂರ್ನಿ ಊರಿಗೆ ಬಂದು ಹೋಗಿ, ಊರಿನ ನೆನಪಿನಲ್ಲಿ ಒಂದು ಗೀರೂ ಬೀಳದೇ ಇರುವುದು ಹೇಗೆ ಎಂಬುದೇ ನನ್ನನ್ನು ಕೊರೆಯುತ್ತಿದೆ.

ಐದು ಊರು

ಇಂಡಿಯನ್ ಓಪನ್ ಈವರೆಗೆ ನಡೆದದ್ದು ಐದೇ ಸಲ. 2013ರ ಅಕ್ಟೋಬರಿನಲ್ಲಿ ದೆಹಲಿ. 2015ರ ಮಾರ್ಚಿನಲ್ಲಿ ಮುಂಬೈ. 2016ರ ಜುಲೈನಲ್ಲಿ ಹೈದರಾಬಾದ್. 2017ರ ಸೆಪ್ಟೆಂಬರಿನಲ್ಲಿ ವಿಶಾಖಪಟ್ಟಣ. 2019ರ ಮಾರ್ಚ್ ಹೊತ್ತಿಗೆ ಕೊಚ್ಚಿ. ಒಂದು ಊರಿಗೆ ಎರಡನೇ ಸಲ ಬಂದದ್ದಿಲ್ಲ, ಇಂಥ ತಿಂಗಳು ಎಂದು ನಿಗದಿಯೂ ಇರಲಿಲ್ಲ. ಕೊಚ್ಚಿಯೇ ಇದುವರೆಗಿನ ಕೊನೆಯದು.

ಮೊದಲ ಟೂರ್ನಿಯಷ್ಟು ಒಳ್ಳೆಯ ಶುರು ಯಾರಿಗೂ ಸಿಗುವುದಿಲ್ಲ. ದೆಹಲಿಯಲ್ಲಿ ಮುಂಬೈ ಹುಡುಗ ಆದಿತ್ಯ ಮೆಹ್ತಾ ಫೈನಲ್ ತನಕ ಹೋದ. ಸೆಮಿಫೈನಲಿನಲ್ಲಿ ಸ್ಕಾಟ್ಲೆಂಡಿನ ಸ್ಟೀಫನ್ ಮಗ್ವಾಯರನನ್ನು 4–3 ಫ್ರೇಮುಗಳಲ್ಲಿ (ಪಂದ್ಯದ ಒಂದೊಂದು ಆಟ ಒಂದು ಫ್ರೇಮ್) ಸೋಲಿಸಿದ. ರ್‍ಯಾಂಕಿಂಗ್ ಟೂರ್ನಿಯ ಫೈನಲ್ ಆಡಿದ ಮೊದಲ ಭಾರತೀಯ ಅವನು. ಫೈನಲಿನಲ್ಲಿ ಚೀನಾದ ಡಿಂಗ್ ಜುನ್‌ಹ್ವೇ ಎದುರು 5–0. ಒಂದು ಫ್ರೇಮೂ ಸಿಗಲಿಲ್ಲ. ಆದರೂ ಏನಂತೆ? ತವರಿನಲ್ಲಿ, ಮೊದಲನೇ ವರ್ಷವೇ, ಊರಿನ ಹುಡುಗ ಫೈನಲ್ ಆಡಿದ್ದಾನೆ. ಮರುವರ್ಷ ಅದೇ ಹಾಲ್, ಅದೇ ತಿಂಗಳು ಅಂದಿದ್ದರೆ ದೆಹಲಿಯ ಎಷ್ಟು ಮಂದಿ ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರೋ. 2014ರಲ್ಲಿ ಟೂರ್ನಿಯೇ ನಡೆಯಲಿಲ್ಲ. ಅದು ಬರುವಾಗ 2015, ಮತ್ತು ಊರು ಬೇರೆ.

ಮುಂಬೈಗೆ ಬಂದದ್ದು ಎಂಥ ವಾರ ನೋಡಿ. ಮಾರ್ಚ್ 10ರಿಂದ 14. ಆಸ್ಟ್ರೇಲಿಯಾ-ನ್ಯೂಜಿಲೆಂಡಿನಲ್ಲಿ ಕ್ರಿಕೆಟ್ ವಿಶ್ವಕಪ್ ನಡೆಯುತ್ತಿತ್ತು. ಟೂರ್ನಿ ಶುರುವಾದ ದಿನ ಹ್ಯಾಮಿಲ್ಟನ್ನಿನಲ್ಲಿ ಭಾರತ-ಐರ್ಲೆಂಡ್. ಫೈನಲ್ ದಿನ ಆಕ್ಲೆಂಡಿನಲ್ಲಿ ಭಾರತ-ಜಿಂಬಾಬ್ವೆ. ರೈನಾ ಔಟಾಗದೆ 110 ಹೊಡೆದ, ಧೋನಿ ಜೊತೆಗೆ ನಿಂತ. ಕಚೇರಿ, ಲೋಕಲ್ ಟ್ರೈನು, ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆ, ಎಲ್ಲಿ ಹೋದರೂ ರೈನಾನ ಮಾತೇ. ಅದೇ ಶನಿವಾರ ಸಾಂತಾಕ್ರೂಜಿನ ಆ ಹೋಟೆಲಿನಲ್ಲಿ ವೇಲ್ಸಿನ 23ರ ಹುಡುಗ ಮೈಕಲ್ ವೈಟ್ ತನ್ನ ಜೀವನದ ಮೊದಲ ರ್‍ಯಾಂಕಿಂಗ್ ಪ್ರಶಸ್ತಿ ಗೆದ್ದ. ಎದುರಿಗಿದ್ದ ರಿಕಿ ವಾಲ್ಡನ್ ಆಗಲೇ ಅಂಥ ಪ್ರಶಸ್ತಿಗಳನ್ನು ಗೆದ್ದಿದ್ದ ಹುಲಿ. ಮತ್ತೆ 5–0. ಎರಡು ಟೂರ್ನಿ, ಎರಡು ಫೈನಲ್, ಸೋತವರಿಗೆ ಒಂದು ಫ್ರೇಮೂ ಇಲ್ಲ. ಟೀವಿಯವರಿಗೆ ಬೇಜಾರಾಗಿರಬೇಕು.

ಹೈದರಾಬಾದಿನಲ್ಲಿ ಸ್ಕಾಟ್ಲೆಂಡಿನ ಆಂಥನಿ ಮೆಕ್‌ಗಿಲ್, ಕೈರನ್ ವಿಲ್ಸನ್ ಮೇಲೆ 5–2. ವಿಶಾಖಪಟ್ಟಣದಲ್ಲಿ ಜಾನ್ ಹಿಗಿನ್ಸ್ ಅದೇ ಮೆಕ್‌ಗಿಲ್‌ನನ್ನು 5–1ರಲ್ಲಿ ಸೋಲಿಸಿದ. ಕೊಚ್ಚಿಯಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಸೆಲ್ಟ್, ಚೀನಾದ ಲ್ಯೂ ಹಾವ್‌ಟಿಯನ್ ಮೇಲೆ 5–3. ಈ ಪಟ್ಟಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ವೈಟ್, ಮೆಕ್‌ಗಿಲ್, ಸೆಲ್ಟ್, ಮೂವರಿಗೂ ಇದು ಮೊದಲ ರ್‍ಯಾಂಕಿಂಗ್ ಪ್ರಶಸ್ತಿ. ಐದರಲ್ಲಿ ಮೂರು! ಇದು ಸುಮ್ನೆ ಆದದ್ದಲ್ಲ ಎಂದು ನನ್ನ ಲೆಕ್ಕ. ಪಂದ್ಯಗಳು ಚಿಕ್ಕವು, ಏಳರಲ್ಲಿ ನಾಲ್ಕು ಫ್ರೇಮ್, ಫೈನಲಿನಲ್ಲಾದರೆ ಒಂಬತ್ತರಲ್ಲಿ ಐದು ಗೆದ್ದರೆ ಮುಗೀತು. ಶೆಫೀಲ್ಡಿನ ಫೈನಲಿನಲ್ಲಿ 35ರಲ್ಲಿ 18 ಗೆಲ್ಲಬೇಕು, ಅದಕ್ಕೆ ಎರಡು ದಿನ ಬೇಕು. ಅಷ್ಟು ಉದ್ದದ ಆಟದಲ್ಲಿ ದೊಡ್ಡವನೇ ಕೊನೆಗೆ ದೊಡ್ಡವನಾಗುತ್ತಾನೆ. ಚಿಕ್ಕ ಆಟದಲ್ಲಿ ಒಂದು ಬಿಸಿ ಮಧ್ಯಾಹ್ನ ಸಾಕು. ದೂರದ ಪ್ರಯಾಣ ಎಂದು ದೊಡ್ಡ ಹೆಸರುಗಳು ಒಬ್ಬಿಬ್ಬರು ಬರುವುದೂ ಇಲ್ಲ. ಹೊಸಬನಿಗೆ ಬಾಗಿಲು ತೆರೆಯುವುದು ಹಾಗೆ. ನಮ್ಮ ದೇಶದ ಹೋಟೆಲುಗಳಲ್ಲಿ ಮೂರು ಮಂದಿಯ ಬದುಕು ತಿರುಗಿತು. ಅವರಿಗೆ ನೆನಪಿರುತ್ತದೆ. ನಮಗೆ ಇಲ್ಲ.

ಮಾರ್ಕರಣ್ಣ

2015ರ ಆ ವಾರ ನನಗೆ ಒಬ್ಬರ ಕೈಯಿಂದ ಪಾಸ್ ಸಿಕ್ಕಿತ್ತು. ಇಬ್ಬರಿಗೆ. ಹೆಂಡತಿಗೆ ಆಸಕ್ತಿ ಇಲ್ಲ. ನಾನು ಮಾರ್ಕರಣ್ಣನನ್ನು ಕರೆದೆ.

ಜಿಮ್ಖಾನಾ ಕ್ಲಬ್ಬುಗಳಿಗೆ ಹೋಗಿ ಅಭ್ಯಾಸ ಇಲ್ಲದವರಿಗೆ ಮಾರ್ಕರ್ ಎಂದರೆ ಯಾರು ಅಂತ ಹೇಳಬೇಕಾಗುತ್ತದೆ. ಬಿಲಿಯರ್ಡ್ಸ್ ರೂಮಿನಲ್ಲಿ ಸ್ಕೋರ್ ಹೇಳುವವನು, ಬಾಲ್ ಜೋಡಿಸುವವನು, ಆಡುವ ಕೋಲಿಗೆ, ಅಂದರೆ ಕ್ಯೂಗೆ, ಟಿಪ್ ಹಾಕುವವನು, ಮೆಂಬರಿಗೆ ಜೊತೆಗಾರ ಸಿಗದಿದ್ದರೆ ಎದುರು ನಿಂತು ಆಡುವವನು, ಮತ್ತು ಆಡುವಾಗ ತುಂಬಾ ಚೆನ್ನಾಗಿ ಆಡದಂತೆ ನೋಡಿಕೊಳ್ಳುವವನು. ನಮ್ಮ ಮಾರ್ಕರಣ್ಣ ಬೈಂದೂರು ಕಡೆಯವರು. ಮೊದಲು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದರಂತೆ, ರಾತ್ರಿ ಕನ್ನಡ ಶಾಲೆ. ಆಮೇಲೆ ಯಾರೋ ಊರಿನವರು ಮಧ್ಯ ಮುಂಬೈಯ ಒಂದು ಜಿಮ್ಖಾನಾಕ್ಕೆ ಸೇರಿಸಿದರು. 'ಅಲ್ಲೂ ಟೇಬಲ್ ಒರೆಸುದೇ' ಎಂದು ಅವರೇ ನಗುತ್ತಿದ್ದರು.

ಅವರು ಆ ಟೇಬಲಿಗೆ ಇಸ್ತ್ರಿ ಹಾಕುವುದನ್ನು ನಾನು ಹುಡುಗನಾಗಿದ್ದಾಗ ಒಂದು ಮಳೆಗಾಲದ ಮಧ್ಯಾಹ್ನ ನೋಡಿದ್ದೇನೆ. ಮೆಂಬರ್ ಅಲ್ಲದವರಿಗೆ ಒಳಗೆ ಪ್ರವೇಶ ಇರಲಿಲ್ಲ. ಯಾರೂ ಇಲ್ಲದ ಹೊತ್ತು ಎಂದು ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗಿದ್ದರು. ಹನ್ನೆರಡು ಅಡಿ ಉದ್ದದ ಟೇಬಲ್, ಹಸಿರು ಬಟ್ಟೆ. ಅದು ಉಣ್ಣೆ ಬಟ್ಟೆ, ಅದರ ಎಳೆಗಳು ಒಂದೇ ದಿಕ್ಕಿಗೆ ಮಲಗಿರಬೇಕು. ಆಟ ಶುರುವಾಗುವ ಬಾಕ್ ಲೈನ್ ಕಡೆಯಿಂದ ಆ ತುದಿಯ ಬ್ಲ್ಯಾಕ್ ಬಾಲಿನ ಕಡೆಗೆ ಮೊದಲು ಬ್ರಷ್. ನೇರ, ಒಂದೇ ಎಳೆತ, ವಾಪಸ್ ಎಳೆಯುವಂತಿಲ್ಲ. ಆಮೇಲೆ ಅದೇ ದಿಕ್ಕಿನಲ್ಲಿ ಇಸ್ತ್ರಿ. ಇಸ್ತ್ರಿಪೆಟ್ಟಿಗೆಯ ಬಿಸಿ ನೋಡಲು ಹಳೇ ಪೇಪರ್ ಮೇಲೆ ಒಮ್ಮೆ ಇಟ್ಟು ತೆಗೆಯುತ್ತಿದ್ದರು. ಪೇಪರ್ ಕಂದಾದರೆ ಕಾಯಬೇಕು. ಜುಲೈ ತಿಂಗಳ ಮುಂಬೈ ಗಾಳಿಯಲ್ಲಿ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಬಾಲ್ ಓಡುವುದಿಲ್ಲ. ಇಸ್ತ್ರಿ ಹಾಕಿದ ಮೇಲೆ ಒಂದು ಬಾಲನ್ನು ಕೈಯಿಂದಲೇ ಮೆಲ್ಲಗೆ ಬಿಟ್ಟರು. ಅದು ಆ ಕಡೆಯ ಅಂಚಿನ ಕುಷನ್ನಿಗೆ ತಾಗಿ ಸೀದಾ ಅವರ ಅಂಗೈಗೆ ಬಂತು. 'ಸಂಜೆ ಮಟ್ಟ ಹೀಂಗೆ ಇರತ್, ಮತ್ತೆ ಪುನಾ ಹಾಕ್ಕ್' ಎಂದರು.

ಆ ಕೋಣೆಯ ಗೋಡೆ ಮೇಲೆ ತೇಗದ ಬೋರ್ಡುಗಳಿದ್ದವು. ಸಾಲು ಸಾಲು ಇಸವಿ, ಎದುರಿಗೆ ಹೆಸರು, ಚಿನ್ನದ ಬಣ್ಣದಲ್ಲಿ. ಪಾರ್ಸಿ ಹೆಸರು, ಗುಜರಾತಿ ಹೆಸರು, ಗೋವಾ ಕಡೆಯ ಹೆಸರು. ನಮ್ಮವರದ್ದು ಒಂದೂ ಇರಲಿಲ್ಲ. ನಮ್ಮವರು ಬೋರ್ಡು ಒರೆಸುವವರಾಗಿದ್ದರು. ಆದರೆ ಮಾರ್ಕರಣ್ಣನಿಗೆ ಆ ಬೋರ್ಡು ಬಾಯಿಪಾಠ. ಯಾವ ವರ್ಷದ ಫೈನಲಿನಲ್ಲಿ ಯಾರು ಪಿಂಕ್ ಬಾಲ್ ಬಿಟ್ಟರು, ಯಾರು ಕೋಪದಲ್ಲಿ ಚಾಕ್ ಎಸೆದರು, ಎಲ್ಲ ಹೇಳುತ್ತಿದ್ದರು. ಹೆಸರು ಗೋಡೆ ಮೇಲಿದ್ದದ್ದರಿಂದ ಕಥೆ ಬಾಯಲ್ಲಿ ಉಳಿದಿತ್ತು.

ಹಯಾತಿಗೆ ಅವರು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದರು. ಬಾಲ್‌ರೂಮಿನಲ್ಲಿ ಎಸಿ ಚಳಿ. ಟೇಬಲಿನ ಮೇಲೆ ಬೆಳಕು, ಸುತ್ತ ಕತ್ತಲೆ. ಮುಂದಿನ ಸಾಲುಗಳಲ್ಲಿ ಸೂಟು ಹಾಕಿದವರು ಸ್ವಲ್ಪ ಮಂದಿ, ಹಿಂದೆ ಖಾಲಿ ಕುರ್ಚಿಗಳು ಬೇಕಾದಷ್ಟು. ಮಾರ್ಕರಣ್ಣ ಆಟಗಾರರ ಮುಖ ನೋಡಿದ್ದೇ ಕಮ್ಮಿ. ಮೊದಲು ಬಟ್ಟೆ ನೋಡಿದರು. 'ಇಸ್ತ್ರಿ ಲಾಯ್ಕ್ ಇತ್ತ್' ಎಂದು ಪ್ರಮಾಣಪತ್ರ ಕೊಟ್ಟರು. ಎರಡು ಫ್ರೇಮ್ ಆದ ಮೇಲೆ ನನ್ನ ಮೊಣಕೈ ತಿವಿದು 'ಕುಷನ್ ಒದಿತ್ ಕಾಣ್' ಅಂದರು. ನಿಜ, ಬಿಳಿ ಬಾಲ್ ಆಟಗಾರರು ಎಣಿಸಿದ್ದಕ್ಕಿಂತ ಅಂಗುಲ ಮುಂದೆ ಹೋಗುತ್ತಿತ್ತು. ಹೊಸ ಬಟ್ಟೆ ಹಾಕಿದ ಟೇಬಲಿನಲ್ಲಿ ಹಾಗಾಗುತ್ತದೆ. ಅದರ ನಂತರ ನಾನು ಗಮನಿಸಿದ್ದು ಅವರ ತುಟಿ. ರೆಫರಿ ಸ್ಕೋರ್ ಹೇಳುವ ಒಂದು ಕ್ಷಣ ಮುಂಚೆ ಇವರ ತುಟಿ ಅಲ್ಲಾಡುತ್ತಿತ್ತು. ಎಂಟು, ಒಂಬತ್ತು, ಹದಿನಾರು, ಹದಿನೇಳು. ರೆಡ್ಡಿಗೆ ಒಂದು, ಬ್ಲ್ಯಾಕಿಗೆ ಏಳು. ಇಂಗ್ಲಿಷಿನಲ್ಲಿ, ಸದ್ದಿಲ್ಲದೆ, ಒಂದು ಸಲವೂ ತಪ್ಪದೆ. ಬಿಳಿ ಗ್ಲವ್ಸ್ ಹಾಕಿದ ಆ ರೆಫರಿಗೂ ಹತ್ತನೇ ಸಾಲಿನಲ್ಲಿ ಕೂತ ಇವರಿಗೂ ಕೆಲಸ ಒಂದೇ.

ಇಂಟರ್ವಲ್ಲಿನಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. 'ಈ ಟೇಬಲ್ ಎಲ್ಲಿಗೆ ಹೋತ್ತ್?' ಅದು ಬಿಚ್ಚಿ ಜೋಡಿಸುವ ಟೇಬಲ್. ಕೆಳಗೆ ಸ್ಲೇಟ್ ಕಲ್ಲಿನ ಐದು ಹಲಗೆ, ಅದರ ಅಡಿಯಲ್ಲಿ ಬಿಸಿ ಇಡಲು ಕರೆಂಟಿನ ಹೀಟರ್. ಟನ್ನಿಗಿಂತ ಜಾಸ್ತಿ ತೂಕ. ಮುಗಿದ ಮೇಲೆ ಬಿಚ್ಚಿ ಲಾರಿಗೆ ತುಂಬುತ್ತಾರೆ ಎಂದೆ. 'ಹಾಂಗಾರೆ ಬೋರ್ಡ್ ಎಲ್ಲಿ ಹಾಕ್ತ್ರ್?' ಅಂದರು. ನಾನು ನಕ್ಕೆ. ಆದರೆ ಈ ಬರಹ ಪೂರ್ತಿ ಆ ಪ್ರಶ್ನೆಯದ್ದೇ.

ವಿಳಾಸ ಇದ್ದ ಆಟ

ಟೂರ್ನಿಗೆ ಇತಿಹಾಸ ಬರುವುದು ಗೆದ್ದವರಿಂದ ಅಲ್ಲ, ವಿಳಾಸದಿಂದ ಎಂದು ನಾನು ಈಗ ನಂಬುತ್ತೇನೆ. ವಿಶ್ವ ಚಾಂಪಿಯನ್‌ಶಿಪ್ಪನ್ನೇ ನೋಡಿ. 1927ರಲ್ಲಿ ಜೋ ಡೇವಿಸ್ ಮೊದಲ ಸಲ ಗೆದ್ದಾಗ ಅವನಿಗೆ ಸಿಕ್ಕಿದ್ದು ಆರು ಪೌಂಡ್ ಹತ್ತು ಶಿಲಿಂಗ್. ದಶಕಗಳ ಕಾಲ ಅದು ಊರಿಂದೂರಿಗೆ ಅಲೆಯಿತು, ನಡುವೆ ನಿಂತೂ ಹೋಯಿತು. 1977ರಲ್ಲಿ ಶೆಫೀಲ್ಡಿನ ಕ್ರೂಸಿಬಲ್ ಥಿಯೇಟರಿಗೆ ಬಂದ ಮೇಲೆ ಅಲ್ಲೇ ಬೇರು ಬಿಟ್ಟಿತು. ಸಾವಿರ ಸೀಟೂ ಇಲ್ಲದ ಜಾಗ ಅದು. 1985ರಲ್ಲಿ ಡೆನಿಸ್ ಟೇಲರ್ ಕೊನೆಯ ಫ್ರೇಮಿನ ಕೊನೆಯ ಬ್ಲ್ಯಾಕಿನಲ್ಲಿ ಸ್ಟೀವ್ ಡೇವಿಸ್‌ನನ್ನು ಸೋಲಿಸಿದ್ದು ಅಲ್ಲೇ. ಮಧ್ಯರಾತ್ರಿ ದಾಟಿದ ಮೇಲೆ ಬ್ರಿಟನ್ನಿನಲ್ಲಿ 1.85 ಕೋಟಿ ಜನ ಟೀವಿ ಮುಂದೆ ಎದ್ದು ಕೂತಿದ್ದರು. ಈಗ ಒಬ್ಬ ಹೊಸ ಹುಡುಗ ಆ ಮೆಟ್ಟಿಲು ಇಳಿದು ಬರುವಾಗ ಆ ರಾತ್ರಿಯೂ ಅವನ ಜೊತೆ ಇಳಿದು ಬರುತ್ತದೆ. ಜಾಗ ಬೇರೆ ಆದರೆ ಅದು ಬರುವುದಿಲ್ಲ.

ಮುಂಬೈಗೆ ಇದು ಗೊತ್ತಿಲ್ಲದ್ದೇನೂ ಅಲ್ಲ. ಪುಣೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಬಾಳಿದ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತಾದಲ್ಲಿ ವಿಶ್ವ ಅಮೆಚೂರ್ (ಹವ್ಯಾಸಿ) ಬಿಲಿಯರ್ಡ್ಸ್, ಅದೇ ಟೇಬಲಿನ ಇನ್ನೊಂದು ಆಟ, ಗೆದ್ದರು. ಯಾವುದೇ ಆಟದಲ್ಲಿ ಒಬ್ಬನೇ ಆಡಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ. 1964ರಲ್ಲಿ ನ್ಯೂಜಿಲೆಂಡಿನಲ್ಲಿ ಇನ್ನೊಮ್ಮೆ. ಚರ್ಚ್‌ಗೇಟಿನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅವರ ಹೆಸರಿನ ಹಾಲ್ ಇದೆ. ಸಿಸಿಐ ಸ್ನೂಕರ್ ಕ್ಲಾಸಿಕ್ ಅಲ್ಲೇ ನಡೆಯುತ್ತದೆ. ವರ್ಲಿಯ ಎನ್‌ಎಸ್‌ಸಿಐ ಕ್ಲಬ್ಬಿನಲ್ಲಿ ಬಾಕ್‌ಲೈನ್ ಎಂಬ ಟೂರ್ನಿ. ಇವಕ್ಕೆ ಟೀವಿ ಇಲ್ಲ, ಪೌಂಡ್ ಲೆಕ್ಕದ ಬಹುಮಾನ ಇಲ್ಲ. ಆದರೆ ಮುಂಬೈಯ ಕ್ಯೂ ಹಿಡಿದ ಹುಡುಗರಿಗೆ ಇವು ಹಬ್ಬದ ಹಾಗೆ ಗೊತ್ತು. 1992ರಿಂದ ಸತತ ಕೆಲವು ವರ್ಷ ವಿಶ್ವ ವೃತ್ತಿಪರ ಬಿಲಿಯರ್ಡ್ಸ್ ಕೂಡ ಬೊಂಬಾಯಿಯಲ್ಲೇ ನಡೆಯಿತು. ಗೀತ್ ಸೇಥಿ ಇಂಗ್ಲೆಂಡಿನ ಮೈಕ್ ರಸೆಲ್‌ನನ್ನು ಸೋಲಿಸಿದ್ದು, ಒಂದೇ ಸರದಿಯಲ್ಲಿ 1276 ಅಂಕದ ಬ್ರೇಕ್ ಮಾಡಿದ್ದು ಆಗಲೇ. ಮಾರ್ಕರಣ್ಣನಂಥವರಿಗೆ ಆ ಬ್ರೇಕಿನ ಕಥೆ ಇನ್ನೂ ಬಾಯಲ್ಲಿದೆ, ಯಾಕೆಂದರೆ ಮರುವರ್ಷವೂ ಅದೇ ಊರಿಗೆ ಅದೇ ಇಬ್ಬರು ಬಂದಿದ್ದರು. ಜಗಳ ಮುಂದುವರಿದಿತ್ತು.

(ಮೈಕಲ್ ಫೆರೇರಾ ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಮುಂಬೈಯವರು ಒಪ್ಪಲಿಕ್ಕಿಲ್ಲ. 1977, 1981, 1983, ಮೂರು ಸಲ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಚಾಂಪಿಯನ್. ಸರ್ಕಾರ ಪದ್ಮಶ್ರೀ ಕೊಟ್ಟಾಗ, ಗಾವಸ್ಕರ್‌ಗೆ ಪದ್ಮಭೂಷಣ ಕೊಟ್ಟಿದ್ದೀರಿ, ನನಗೆ ಯಾಕೆ ಕಮ್ಮಿ ಎಂದು ಬೇಡ ಅಂದರು. 1983ರಲ್ಲಿ ಪದ್ಮಭೂಷಣವೇ ಬಂತು. ಕ್ರಿಕೆಟ್ ಜೊತೆಗಿನ ಜಗಳ ಹಳೇದು ಅಂತ ಹೇಳಲು ಬರೆದೆ.)

ಸ್ನೂಕರ್ ಹುಟ್ಟಿದ್ದೇ ಜಬಲ್ಪುರದಲ್ಲಿ, ಊಟಿಯಲ್ಲಿ ಅದಕ್ಕೆ ನಿಯಮ ಬರೆದರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ನನಗೆ ಆ ಹೆಮ್ಮೆ ಈಗೀಗ ಕಿರಿಕಿರಿ ಮಾಡುತ್ತದೆ. ಹುಟ್ಟಿದ್ದು ಸರಿ, ಬೆಳೆಸಿದ್ದು ಎಲ್ಲಿ? ಚೀನಾದವರನ್ನು ನೋಡಿ. 2005ರಲ್ಲಿ ಬೀಜಿಂಗಿನ ಚೈನಾ ಓಪನ್ ಫೈನಲಿನಲ್ಲಿ ಆಗಷ್ಟೇ ಹದಿನೆಂಟು ತುಂಬಿದ ಡಿಂಗ್ ಜುನ್‌ಹ್ವೇ, ಏಳು ಸಲದ ವಿಶ್ವ ಚಾಂಪಿಯನ್ ಸ್ಟೀಫನ್ ಹೆಂಡ್ರಿಯನ್ನು 9–5ರಲ್ಲಿ ಸೋಲಿಸಿದ. ಮರುವರ್ಷ ಟೂರ್ನಿ ಮತ್ತೆ ಬೀಜಿಂಗಿನಲ್ಲೇ. ಅದರ ಮರುವರ್ಷವೂ. 2007ರಿಂದ ಶಾಂಘೈ ಮಾಸ್ಟರ್ಸ್, ಹೆಸರೇ ಹೇಳುವ ಹಾಗೆ ಶಾಂಘೈಯಲ್ಲಿ. 2025ರಲ್ಲಿ ಝಾವ್ ಶಿನ್‌ಟಾಂಗ್ ಶೆಫೀಲ್ಡಿನಲ್ಲಿ ಗೆದ್ದು ಚೀನಾದ ಮೊದಲ ವಿಶ್ವ ಚಾಂಪಿಯನ್ ಆದ. ದೆಹಲಿಯಲ್ಲಿ ಆದಿತ್ಯ ಗೆದ್ದಿದ್ದರೆ ನಮ್ಮಲ್ಲೂ ಹಾಗೆ ಆಗುತ್ತಿತ್ತು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಗೆದ್ದಿದ್ದರೂ ಮರುವರ್ಷ ಪ್ರಶಸ್ತಿ ಉಳಿಸಿಕೊಳ್ಳಲು ಅವನಿಗೆ ಟೂರ್ನಿಯೇ ಇರಲಿಲ್ಲವಲ್ಲ.

ಊರೂರು ತಿರುಗುವುದರಿಂದ ಹೊಸ ಜನಕ್ಕೆ ಆಟ ತಲುಪುತ್ತದೆ ಎಂಬ ವಾದ ನನಗೆ ಗೊತ್ತು. ಕೊಚ್ಚಿಯ ಹುಡುಗನೊಬ್ಬ ಹಿಗಿನ್ಸ್‌ನಂಥವರನ್ನು ಹತ್ತಿರದಿಂದ ನೋಡಿದ್ದರೆ ಸಂತೋಷವೇ. ಆದರೆ ಆ ಹುಡುಗ ಮುಂದಿನ ವರ್ಷ ಏನು ನೋಡಬೇಕು? ಇನ್ನೊಂದು ವಿಚಿತ್ರ ಹೇಳುತ್ತೇನೆ. ಇಂಡಿಯನ್ ಓಪನ್ ಎಂಬ ಹೆಸರಿನ ಈ ಟೂರ್ನಿಯ ಅರ್ಹತಾ ಪಂದ್ಯಗಳು ನಡೆಯುತ್ತಿದ್ದದ್ದು ಇಂಗ್ಲೆಂಡಿನಲ್ಲಿ. ವೃತ್ತಿಪರ ಆಟಗಾರರ ಟೂರಿನ ಬದುಕೇ ಅಲ್ಲಿ. ವೃತ್ತಿಪರನಾಗಬೇಕು ಎಂದರೆ ಶೆಫೀಲ್ಡ್ ಕಡೆ ಮನೆ ಮಾಡಬೇಕು, ಚಳಿಯಲ್ಲಿ ಒಬ್ಬನೇ ಅಡುಗೆ ಮಾಡಿಕೊಳ್ಳಬೇಕು. ನಮ್ಮ ಪಂಕಜ್ ಅಡ್ವಾಣಿ, ಹುಟ್ಟಿದ್ದು ಪುಣೆಯಾದರೂ ಬೆಂಗಳೂರಿನವರು ಅಂತಲೇ ನಾವು ಹೇಳುವುದು, 2012ರಲ್ಲಿ ಟೂರ್ ಸೇರಿದರು. 2013ರ ವೆಲ್ಶ್ ಓಪನ್ನಿನಲ್ಲಿ ರ್‍ಯಾಂಕಿಂಗ್ ಟೂರ್ನಿಯ ಕ್ವಾರ್ಟರ್ ಫೈನಲ್ ತಲುಪಿದ ಮೊದಲ ಭಾರತೀಯರಾದರು. 2014ರಲ್ಲಿ ಟೂರ್ ಬಿಟ್ಟು ಮನೆಗೆ ಬಂದರು. ಬಿಲಿಯರ್ಡ್ಸೂ ಬೇಕಿತ್ತು ಅವರಿಗೆ. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಮುಂಬೈಯ ಇಶ್‌ಪ್ರೀತ್ ಸಿಂಗ್ ಚಡ್ಡಾ ಈಗ ಅಲ್ಲಿ ಗಟ್ಟಿಯಾಗಿ ನಿಂತಿದ್ದಾನೆ, 2024ರ ಇಂಗ್ಲಿಷ್ ಓಪನ್ನಿನಲ್ಲಿ ಸೆಮಿಫೈನಲ್ ತನಕ ಹೋದ. ಅವನ ಆಟವನ್ನು ನಾವು ಫೋನಿನಲ್ಲಿ ನೋಡುತ್ತೇವೆ.

ಘಾಟ್‌ಕೋಪರಿನ ಮಾಳಿಗೆ

ನಾನು ಆಡುವುದು ಸ್ಟೇಷನ್ ಹತ್ತಿರ, ಮೊಬೈಲ್ ಅಂಗಡಿಯ ಮೇಲಿನ ಮಾಳಿಗೆಯ ಪಾರ್ಲರಿನಲ್ಲಿ. ಗಂಟೆ ಲೆಕ್ಕ. ಹುಡುಗನಾಗಿದ್ದಾಗ ಇಂಥ ಜಾಗಕ್ಕೆ ಹೋಗುತ್ತೇನೆಂದು ಗೊತ್ತಾಗಿ ಮನೆಯಲ್ಲಿ ದೊಡ್ಡ ರಾದ್ಧಾಂತ ಆಗಿತ್ತು. 'ಸ್ನೂಕರ್ ಆಡ್ತಾನಂತೆ' ಎಂದರೆ ಕೆಟ್ಟು ಹೋದ ಅಂತಲೇ ಅರ್ಥ, ಕರ್ನಾಟಕ ಸಂಘದ ನಾಟಕಕ್ಕೆ ಬಂದ ನೆಂಟರೆಲ್ಲ ಅಪ್ಪನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ್ದರು. ಈಗ ನನ್ನ ಕೂದಲು ನೆರೆತಿದೆ, ಯಾರೂ ಏನೂ ಅನ್ನುವುದಿಲ್ಲ.

ಆ ಪಾರ್ಲರಿನ ಮಾಲೀಕ ಪ್ರತಿ ವರ್ಷ ದೀಪಾವಳಿ ಮುಗಿದ ವಾರ ಒಂದು ಟೂರ್ನಿ ಇಡುತ್ತಾನೆ. ಟೇಬಲ್‌ಗಳಲ್ಲಿ ಒಂದು ಎಡಕ್ಕೆ ವಾಲುತ್ತದೆ, ಅದು ಎಲ್ಲರಿಗೂ ಗೊತ್ತು, ಅದನ್ನು ಲೆಕ್ಕ ಹಿಡಿದೇ ಆಡುತ್ತೇವೆ. ಗುಜರಾತಿ ಹುಡುಗರು, ಅಸಲ್ಫಾದ ರಿಕ್ಷಾ ಓಡಿಸುವವರು, ಹತ್ತಿರದ ಶೆಟ್ಟರ ಬಾರಿನ ಮ್ಯಾನೇಜರ್, ಎಲ್ಲರೂ ಹೆಸರು ಕೊಡುತ್ತಾರೆ. ಬಹುಮಾನ ಎಂದರೆ ಒಂದು ಕ್ಯೂ ಮತ್ತು ಒಂದಷ್ಟು ತಿಂಗಳು ಪುಕ್ಕಟೆ ಆಟ. ಗೆದ್ದವನ ಹೆಸರನ್ನು ಕೌಂಟರಿನ ಹಿಂದಿನ ಬೋರ್ಡಿನಲ್ಲಿ ಬರೆಸುತ್ತಾನೆ. ಪ್ಲೈವುಡ್ಡಿಗೆ ಕಪ್ಪು ಪೇಂಟ್, ಅದರ ಮೇಲೆ ಹಳದಿ ಅಕ್ಷರ. ಬಾರ್ ಮ್ಯಾನೇಜರ್ ಎರಡು ಸಲ ಇದ್ದಾನೆ, ಒಂದು ಕಡೆ ಪೇಂಟರ್ ಅವನ ಹೆಸರಿನ ಒಂದು ಅಕ್ಷರ ನುಂಗಿದ್ದಾನೆ. ಊರಿಗೆ ಹೋದಾಗ ಫೋಟೋ ತೋರಿಸಿ ಮರ್ಯಾದೆ ಹೋಯಿತು, ಸರಿ ಮಾಡಿಸು ಎಂದು ಅವನು ವರ್ಷಪೂರ್ತಿ ಗಲಾಟೆ ಮಾಡುತ್ತಾನೆ. ಈಗ ಬೋರ್ಡ್ ತುಂಬಿದೆ. ಎರಡನೆಯದು ಹಾಕಬೇಕು ಎಂದರೆ ಇರುವುದು ಒಂದೇ ಗೋಡೆ, ಅಲ್ಲಿ ಎಸಿ ಇದೆ. ಎಸಿ ಕಿತ್ತು ಕಿಟಕಿಗೆ ಹಾಕಲು ಮಾಲೀಕ ಒಪ್ಪುತ್ತಿಲ್ಲ, ಹಳೇ ಬೋರ್ಡಿನ ಮೇಲಿನ ನಾಲ್ಕು ಹೆಸರು ಅಳಿಸೋಣ ಎನ್ನುತ್ತಾನೆ. ಅಳಿಸುವ ಮಾತು ಎತ್ತಿದ್ದಕ್ಕೆ ಕಳೆದ ಭಾನುವಾರ ಆ ನಾಲ್ವರಲ್ಲಿ ಇಬ್ಬರು ಬಂದು ಅವನ ಜೊತೆ ಒಂದು ಗಂಟೆ ಜಗಳ ಆಡಿದರು. ಆ ಗಂಟೆಯ ಟೇಬಲ್ ಬಾಡಿಗೆಯನ್ನು ಕಾಯುತ್ತಾ ನಿಂತಿದ್ದ ನಮ್ಮಿಂದಲೇ ವಸೂಲಿ ಮಾಡಿದ.